ನಡುವಿನ ಸಾಲು

ಕಳೆದ ವರ್ಷ ಆಟಿ ತಿಂಗಳಲ್ಲಿ ಅಮ್ಮನ ಎಡಗಾಲು ಊದಿ ಕೆಂಪಾಯಿತು. ಮಳೆಗಾಲದ ತೋಟದ ಕೆಸರು, ಬೆರಳ ಸಂದಿಯಲ್ಲಿ ಸಣ್ಣ ಬಿರುಕು, ಮೇಲಿಂದ ಶುಗರ್. ಸೆಲ್ಯುಲೈಟಿಸ್, ಅಂದರೆ ಚರ್ಮದೊಳಗಿನ ಸೋಂಕು, ಅಂದರು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದೆವು. ನಾನು ರಜೆಯಲ್ಲಿ ಊರಿಗೆ ಬಂದು ಮೂರೇ ದಿನ ಆಗಿತ್ತು. ಇಂಗ್ಲೆಂಡಿನ ವಾರ್ಡಿನಲ್ಲಿ ನರ್ಸ್ ಆಗಿ ದುಡಿಯುವವನು ಇಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಮಡಿಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದೆ.

ಬೆಳಿಗ್ಗೆ ಎಂಟು ಗಂಟೆಗೆ ಒಬ್ಬಳು ನರ್ಸಿಂಗ್ ವಿದ್ಯಾರ್ಥಿನಿ ಬಂದಳು. ಕೈಯಲ್ಲಿ ಫೈಲು, ಫೈಲಿನೊಳಗೆ ಗೆರೆ ಎಳೆದ ಹಾಳೆಗಳು. ಅಮ್ಮ ಅವಳ ಕೇಸ್. ಕೇರ್ ಪ್ಲ್ಯಾನ್ ಬರೆಯಬೇಕು, ಅಂದರೆ ನರ್ಸಿಂಗ್ ಡಯಾಗ್ನೋಸಿಸ್ ಮಾಡಿ ಅದಕ್ಕೆ ತಕ್ಕ ಆರೈಕೆ ಬರೆಯುವುದು.

"ಅಮ್ಮಾ, ನೋವು 10ರಲ್ಲಿ ಎಷ್ಟು?"

"10ರಲ್ಲಿ ಅಂದರೆ ಎಂತದು ಮಗಾ? ನೋವು ಅಂದರೆ ನೋವೇ ಅಲ್ವಾ."

ಹುಡುಗಿ ಒಂದು ಕ್ಷಣ ಪೆನ್ನು ಹಿಡಿದು ನಿಂತಳು. ಆಮೇಲೆ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದಳು, "ರಾತ್ರಿ ನಿದ್ದೆ ಬಂತಾ? ಪಾದ ಊರಲಿಕ್ಕೆ ಆಗ್ತದಾ?"

"ಮಲಗಿದಲ್ಲಿ ಏನಿಲ್ಲ. ಊರಿದರೆ ಜೀವ ಹೋಗ್ತದೆ."

ಅವಳು ಬರೆದುಕೊಂಡಳು. ನಾನು ಸುಮ್ಮನೆ ನೋಡುತ್ತಿದ್ದೆ. ನಾನು ಯಾರು ಅಂತ ಹೇಳಿರಲಿಲ್ಲ. ಹೇಳಿದರೆ ಪಾಪ, ಅವಳ ಕೈ ನಡುಗುತ್ತಿತ್ತು. ನನಗೂ ಹಾಗೇ ಆಗುತ್ತಿತ್ತು, ಇದೇ ಊರಿನಲ್ಲಿ, ಇಂಥದ್ದೇ ಫೈಲು ಹಿಡಿದು ಓಡಾಡುತ್ತಿದ್ದಾಗ.

ನರ್ಸ್ ಯಾಕೆ ಡಯಾಗ್ನೋಸಿಸ್ ಮಾಡಬೇಕು, ಅದು ಡಾಕ್ಟರ ಕೆಲಸ ಅಲ್ವಾ ಅಂತ ಕೇಳುವವರು ಈಗಲೂ ಇದ್ದಾರೆ. ನನ್ನ ಸ್ವಂತ ಚಿಕ್ಕಪ್ಪನೇ ಕೇಳಿದ್ದಾರೆ. ಡಾಕ್ಟರು ರೋಗದ ಹೆಸರು ಹೇಳುತ್ತಾರೆ. ಆ ರೋಗದಿಂದ ಈ ಮನುಷ್ಯನಿಗೆ ಇವತ್ತು ಏನು ಮಾಡಲಿಕ್ಕೆ ಆಗುತ್ತಿಲ್ಲ, ಏನು ಅಪಾಯ ಕಾದಿದೆ, ಅದು ಯಾಕೆ, ಇದನ್ನು ಹೇಳುವುದು ನರ್ಸಿಂಗ್ ಡಯಾಗ್ನೋಸಿಸ್. ಇಬ್ಬರಿಗೆ ಒಂದೇ ನ್ಯುಮೋನಿಯಾ ಇರಬಹುದು. ಒಬ್ಬನಿಗೆ ಕಫ ಕೆಮ್ಮಿ ತೆಗೆಯಲಿಕ್ಕೆ ಶಕ್ತಿ ಇಲ್ಲ, ಇನ್ನೊಬ್ಬನಿಗೆ ಪಕ್ಕೆ ನೋಯುವುದರಿಂದ ಕೆಮ್ಮಲಿಕ್ಕೇ ಹೆದರಿಕೆ. ಔಷಧಿ ಒಂದೇ, ಆರೈಕೆ ಬೇರೆ.

ಈ ಪದ್ಧತಿಗೆ ತುಂಬ ವಯಸ್ಸಾಗಿಲ್ಲ. 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನರ್ಸ್‌ಗಳೇ ಸೇರಿ, ನಾವು ದಿನಾ ನೋಡುವ ತೊಂದರೆಗಳಿಗೆ ಒಂದೊಂದು ಹೆಸರಿಡೋಣ ಅಂತ ಶುರು ಮಾಡಿದ್ದು. ಅದರಿಂದ ಹುಟ್ಟಿದ ಸಂಸ್ಥೆಯೇ ನಾಂಡಾ. 2021–23ರ ಅವರ ಪುಸ್ತಕದಲ್ಲಿ 267 ಹೆಸರುಗಳಿವೆ. ಬರೆಯುವ ಕ್ರಮ ಸಾಮಾನ್ಯವಾಗಿ ಮೂರು ಸಾಲು: ತೊಂದರೆ ಏನು, ಅದು ಯಾವುದರಿಂದ, ಅದಕ್ಕೆ ಸಾಕ್ಷಿ ಏನು. ನಡುವಿನ ಸಾಲನ್ನು 'ರಿಲೇಟೆಡ್ ಟು', ಅಂದರೆ 'ಇದರಿಂದಾಗಿ', ಅಂತ ಶುರು ಮಾಡಬೇಕು. ನಮ್ಮ ನಾಲ್ಕು ವರ್ಷದ ಬಿಎಸ್ಸಿಯಲ್ಲಿ ಈ ಎರಡು ಪದಗಳನ್ನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕ ಇಲ್ಲ.

ಬರೆದದ್ದು ಅಂದೆ. ಯೋಚಿಸಿದ್ದು ಅನ್ನಲಿಲ್ಲ.

ನಿಜ ಹೇಳುತ್ತೇನೆ. ನಮ್ಮಲ್ಲಿ ಸೀನಿಯರ್‌ಗಳ ಹಳೇ ರೆಕಾರ್ಡ್ ಪುಸ್ತಕ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ರೋಗಿಯ ಹೆಸರು, ವಯಸ್ಸು, ಬೆಡ್ ನಂಬರ್ ಬದಲಿಸಿದರೆ ಆಯಿತು. ಕಡಿಮೆ ಬಿದ್ದರೆ ಮೂರು ಖಾಯಂ ಡಯಾಗ್ನೋಸಿಸ್ ಇದ್ದೇ ಇತ್ತು. ಆಸ್ಪತ್ರೆಗೆ ಸೇರಿದ್ದರಿಂದ ಆತಂಕ. ಕಾಯಿಲೆಯ ಬಗ್ಗೆ ತಿಳುವಳಿಕೆ ಕಡಿಮೆ. ಕೈಯಲ್ಲಿ ಡ್ರಿಪ್ಪಿನ ಕ್ಯಾನುಲಾ ಇರುವುದರಿಂದ ಸೋಂಕಿನ ಅಪಾಯ. ನಮ್ಮ ಕರಾವಳಿಯ ಅಡುಗೆಗೆ ತೆಂಗಿನಕಾಯಿ ಹೇಗೋ ಹಾಗೆ, ಎಲ್ಲದಕ್ಕೂ ಹಾಕಬಹುದು, ಕೆಡುವುದಿಲ್ಲ. ಮಾರ್ಕ್ಸೂ ಬರುತ್ತಿತ್ತು.

ಕೆಡುವುದಿಲ್ಲ ಅಂತ ನಂಬಿದ್ದೆ. ಮೂರನೇ ವರ್ಷದ ಒಂದು ನೈಟ್ ಡ್ಯೂಟಿಯವರೆಗೆ.

ಬಂದರಿನಲ್ಲಿ ಮೂಟೆ ಹೊರುವವರೊಬ್ಬರು, ಹರ್ನಿಯಾ ಆಪರೇಷನ್ ಆಗಿತ್ತು, ಬೆನ್ನಿಗೆ ಇಂಜೆಕ್ಷನ್ (ಸ್ಪೈನಲ್) ಕೊಟ್ಟು ಮಾಡಿದ್ದು. ರಾತ್ರಿ ಹನ್ನೊಂದರ ಹೊತ್ತಿಗೆ ಹೊರಳಾಡಲು ಶುರು ಮಾಡಿದರು. ಎದ್ದು ಕೂರುವುದು, ಮಲಗುವುದು, ಹಣೆಯಲ್ಲಿ ಬೆವರು, ಪಲ್ಸ್ ಜಾಸ್ತಿ. "ಏನಾಗ್ತದೆ ಅಣ್ಣ?" ಅಂದರೆ "ಎಂತದೋ ಒಂಥರಾ ಆಗ್ತಾ ಉಂಟು ಬ್ರದರ್" ಅಷ್ಟೇ. ನೋವಿಗೆ ಔಷಧಿ ಕೊಟ್ಟಾಗಿತ್ತು. ನಾನು ಹೆದರಬೇಡಿ ಅಂದೆ, ಬೆನ್ನು ತಟ್ಟಿದೆ, ಹೆಂಡತಿಯನ್ನು ಹತ್ತಿರ ಕೂರಿಸಿದೆ. ಫೈಲಿನಲ್ಲಿ ಬರೆದೆ: ಆತಂಕ, ಆಪರೇಷನ್ ಆದ ಕಾರಣ. ಸಾಕ್ಷಿಗೆ ಚಡಪಡಿಕೆ, ಬೆವರು, ಪಲ್ಸ್. ಮೂರು ಸಾಲೂ ಸರಿಯಾಗಿ ಕೂತಿತ್ತು. ನೋಡಲಿಕ್ಕೆ ಚಂದ ಇತ್ತು.

ಒಂದು ಗಂಟೆ ಕಳೆದು ಸ್ಟಾಫ್ ಸಿಸ್ಟರ್ ಬಂದರು. ಫೈಲು ಓದಲೇ ಇಲ್ಲ. ಹೊದಿಕೆ ಸರಿಸಿ ಅವರ ಹೊಕ್ಕುಳ ಕೆಳಗೆ ಅಂಗೈ ಇಟ್ಟರು. ನನ್ನ ಕೈ ಹಿಡಿದು ಅಲ್ಲೇ ಇಡಿಸಿದರು. ಕಲ್ಲಿನ ಹಾಗೆ ಗಟ್ಟಿ, ಉಬ್ಬಿಕೊಂಡಿತ್ತು. "ಆಪರೇಷನ್ ಆದ ಮೇಲೆ ಮೂತ್ರ ಹೋಗಿದೆಯಾ ಅಂತ ಕೇಳಿದ್ದೀಯಾ?" ಕೇಳಿರಲಿಲ್ಲ. ಸ್ಪೈನಲ್ ಕೊಟ್ಟವರಿಗೆ ಮೂತ್ರ ಕಟ್ಟಿಕೊಳ್ಳುವುದು ಪರೀಕ್ಷೆಗೆ ಓದಿದ್ದ ಪಾಠವೇ. ಹುಡುಗನ ಹತ್ತಿರ ಅದನ್ನು ಬಾಯಿಬಿಟ್ಟು ಹೇಳಲು ಆ ಮನುಷ್ಯನಿಗೆ ನಾಚಿಕೆ, ಪಕ್ಕದಲ್ಲಿ ಬೇರೆಯವರ ಸಂಸಾರ. ಡ್ಯೂಟಿ ಡಾಕ್ಟರಿಗೆ ಹೇಳಿ ಮೂತ್ರ ಹೊರಗೆ ಬರುವ ನಳಿಗೆ, ಕ್ಯಾತಿಟರ್, ಹಾಕಿದರು. ಹತ್ತು ನಿಮಿಷದಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು.

ಸಿಸ್ಟರ್ ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

'ಆತಂಕ' ಅನ್ನುವುದು ತಪ್ಪು ಪದ ಅಲ್ಲ. ಮನುಷ್ಯ ನಿಜವಾಗಿ ಚಡಪಡಿಸುತ್ತಿದ್ದ. ನಾನು ಎಡವಿದ್ದು ನಡುವಿನ ಸಾಲಿನಲ್ಲಿ. ಯಾವುದರಿಂದ ಅನ್ನುವುದನ್ನು ರೋಗಿಯ ಮೈಯಲ್ಲಿ ಹುಡುಕದೆ ನೆನಪಿನಿಂದ ತೆಗೆದು ಬರೆದೆ. ಮೊದಲ ಸಾಲು ಪುಸ್ತಕದಲ್ಲಿ ಸಿಗುತ್ತದೆ, ಕೊನೆಯ ಸಾಲು ಚಾರ್ಟಿನಲ್ಲಿ ಸಿಗುತ್ತದೆ. ನಡುವಿನದ್ದು ಮಾತ್ರ ಬೆಡ್ಡಿನ ಹತ್ತಿರ ಹೋಗಿ ಕೂತರೆ ಮಾತ್ರ ಸಿಗುವುದು.

ಇದನ್ನು ಬೆಡ್ಡಿನ ಹತ್ತಿರವೇ ನಿಲ್ಲಿಸಿ ಕಲಿಸಿದ ಒಬ್ಬರು ಮೇಡಂ ನಮಗಿದ್ದರು. ಹೃದಯದ ತೊಂದರೆಯಿಂದ ಕಾಲು ಬಾತುಕೊಂಡ ಒಬ್ಬ ಅಜ್ಜನಿಗೆ ನಾನು ಮೈಯಲ್ಲಿ ನೀರು ಜಾಸ್ತಿ ಅಂತ ಬರೆದು, ಕಾರಣಕ್ಕೆ ಪುಸ್ತಕದ ಒಂದು ಉದ್ದ ಸಾಲು ಇಳಿಸಿದ್ದೆ. ಮೇಡಂ ಕೇಳಿದ್ದು ಒಂದೇ: "ಅಜ್ಜ ನಿನ್ನೆ ಗಂಜಿಗೆ ಎಂತ ನಂಚಿಕೊಂಡರು?" ಅಜ್ಜನೇ ಉತ್ತರ ಕೊಟ್ಟರು, "ನಾನು ಉಪ್ಪು ಮುಟ್ಟುವುದೇ ಇಲ್ಲ." ಮೇಡಂ ಬಗ್ಗಿ ಲಾಕರ್ ತೆರೆದರು. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಮಿಡಿ ಉಪ್ಪಿನಕಾಯಿ, ಪೇಪರಿನಲ್ಲಿ ಸುತ್ತಿದ ಒಣಮೀನು. ಅಜ್ಜ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಉಪ್ಪು ಅಂದರೆ ಗಂಜಿಗೆ ಹಾಕುವ ಉಪ್ಪು. ಉಪ್ಪಿನಕಾಯಿ ಬೇರೆ ಪದಾರ್ಥ. ಆಸ್ಪತ್ರೆಯ ಊಟ ಸಪ್ಪೆ ಅಂತ ಸೊಸೆ ತಂದುಕೊಡುತ್ತಿದ್ದಳು. ಈಗ ನಡುವಿನ ಸಾಲು ಬದಲಾಯಿತು. ಅದು ಬದಲಾದ ಕೂಡಲೇ ಮಾಡುವ ಕೆಲಸವೂ ಬದಲಾಯಿತು. ಸೊಸೆಯನ್ನು ಕರೆದು ಮಾತಾಡಬೇಕು, ಊಟಕ್ಕೆ ಲಿಂಬೆಹುಳಿಯೋ ಕಾಳುಮೆಣಸೋ ಹಾಕಿ ರುಚಿ ಮಾಡಬಹುದು ಅಂತ ಹೇಳಬೇಕು.

ಅಂಥ ಮೇಡಂ ಎಲ್ಲರಿಗೂ ಸಿಗುವುದಿಲ್ಲ. ಸಿಕ್ಕಿದರೂ ಅವರ ಹಿಂದೆ ಇಡೀ ಬ್ಯಾಚು ಇರುತ್ತದೆ.

2016ರಲ್ಲಿ ಇಂಗ್ಲೆಂಡಿಗೆ ಬಂದೆ. ಇಲ್ಲಿ ಹೊರಗಿನಿಂದ ಬಂದ ನರ್ಸ್‌ಗಳು ಓಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಅದಕ್ಕೆ ತಯಾರಾಗುವಾಗ ಗೋಡೆಯ ಮೇಲೆ ನಾಲ್ಕು ಅಕ್ಷರ ಅಂಟಿಸಿದ್ದರು: ಎ, ಪಿ, ಐ, ಇ. ನೋಡು, ಯೋಜಿಸು, ಮಾಡು, ಮತ್ತೆ ನೋಡು. ನನಗೆ ಗಾಬರಿ. ನಮ್ಮಲ್ಲಿ ಐದು ಅಕ್ಷರ. ಎ ಮತ್ತು ಪಿ ನಡುವೆ ಡಿ ಇರಬೇಕಲ್ಲ? ಡಯಾಗ್ನೋಸಿಸ್ ಎಲ್ಲಿ ಹೋಯಿತು? ಜೊತೆಗಿದ್ದ ಕೋಟಯಂನ ಸಿಸ್ಟರ್ ಕಿವಿಯಲ್ಲಿ ಹೇಳಿದರು, "ಅದು ಇಲ್ಲಿ ಇಲ್ಲ, ಬರೆಯಲಿಕ್ಕೆ ಹೋಗಬೇಡಿ."

ಬ್ರಿಟನ್ನಿನ ವಾರ್ಡುಗಳಲ್ಲಿ ನಾಂಡಾ ಪುಸ್ತಕ ಕಾಣುವುದೇ ಅಪರೂಪ. ರೋಪರ್, ಲೋಗನ್, ಟಿಯರ್ನಿ ಅನ್ನುವ ಮೂವರು ನರ್ಸ್‌ಗಳು 1980ರಲ್ಲಿ ಪುಸ್ತಕವಾಗಿ ಕೊಟ್ಟ ಒಂದು ಕ್ರಮ ಇದೆ: ಉಸಿರಾಟ, ಊಟ, ನಿದ್ದೆ, ಓಡಾಟ, ಹೀಗೆ ಬದುಕಿನ 12 ಕೆಲಸ. ಅದರಲ್ಲಿ ಎಲ್ಲೆಲ್ಲಿ ಎಡವುತ್ತಿದ್ದಾರೆ ಅಂತ ಗುರುತಿಸಿ ಆರೈಕೆ ಬರೆಯುವುದು. ತೊಂದರೆಗೆ ಸೀಲು ಹೊಡೆದಂಥ ಹೆಸರು ಬೇಕಿಲ್ಲ.

ಮೊದಮೊದಲು ಇದೆಂಥ ಸಡಿಲ ಪದ್ಧತಿ ಅನ್ನಿಸಿತ್ತು. ಆಮೇಲೆ ಒಂದು ಸಂಗತಿ ನೋಡಿದೆ. ಇಲ್ಲಿ ವಿದ್ಯಾರ್ಥಿಗೆ ಮೂರು ವರ್ಷದಲ್ಲಿ 4600 ಗಂಟೆ ಲೆಕ್ಕ, ಅದರಲ್ಲಿ ಅರ್ಧ ವಾರ್ಡಿನಂಥ ಕಡೆ. ಆ ಗಂಟೆಗಳಲ್ಲಿ ಅವರು ಸ್ಟಾಫಿನ ಲೆಕ್ಕಕ್ಕೆ ಹೆಚ್ಚುವರಿ. ಸ್ಟಾಫ್ ಕಡಿಮೆ ಇದೆ ಅಂತ ಅವರನ್ನು ಕೈಯಾಳಿನ ಹಾಗೆ ಬಳಸುವಂತಿಲ್ಲ. ಬಳಸುವುದೇ ಇಲ್ಲ ಅಂತ ಹೇಳಲಾರೆ, ಆದರೆ ಬಳಸಿದರೆ ವಿದ್ಯಾರ್ಥಿ ದೂರು ಕೊಡಬಹುದು. ನಮ್ಮಲ್ಲಿ ಬೆಳಿಗ್ಗೆ ಪೋಸ್ಟಿಂಗ್ ಅಂದರೆ ಬೆಡ್ ಮೇಕಿಂಗ್, ಬಿಪಿ, ಲ್ಯಾಬಿಗೆ ಓಡುವುದು, ರೌಂಡ್ಸ್ ಬಂದಾಗ ಫೈಲು ಹಿಡಿದು ಸಾಲಾಗಿ ನಿಲ್ಲುವುದು. ಯೋಚನೆಗೆ ಹೊತ್ತೆಲ್ಲಿ? ರಾತ್ರಿ ಹಾಸ್ಟೆಲಿನಲ್ಲಿ. ಅಷ್ಟು ಹೊತ್ತಿಗೆ ರೋಗಿ ಎರಡು ಕಿಲೋಮೀಟರ್ ದೂರ, ಸೀನಿಯರ್ ರೆಕಾರ್ಡ್ ಕೈಯಳತೆಯಲ್ಲಿ.

ಇನ್ನೊಂದು ಸಂಗತಿ, ಎಸ್‌ಬಾರ್. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ನಿಂದ ಆಸ್ಪತ್ರೆಗೆ ಬಂದ ರೂಢಿ. ಡಾಕ್ಟರಿಗೆ ಫೋನ್ ಮಾಡಿದರೆ ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನು ಅನಿಸುತ್ತದೆ, ನೀವು ಏನು ಮಾಡಬೇಕು, ಈ ನಾಲ್ಕನ್ನೂ ಹೇಳಬೇಕು. ಮೂರನೆಯದನ್ನು ನೋಡಿ. ನನಗೆ ಏನು ಅನಿಸುತ್ತದೆ. ಗೋಡೆಯಿಂದ ಕಳೆದುಹೋದ ಡಿ ಇಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದಿತ್ತು. ಎರಡನೇ ವರ್ಷದ ಹುಡುಗಿ ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ "ಇವರಿಗೆ ನೀರು ಸಾಲದೆ ಹೀಗಾಗಿದೆ ಅಂತ ನನಗನಿಸುತ್ತದೆ" ಅಂದಾಗ ನಾನು ಪಕ್ಕದಲ್ಲಿ ನಿಂತು ಬೆವರಿದ್ದೆ. ನಮ್ಮಲ್ಲಿ ನಾಲ್ಕು ವರ್ಷ ಡಯಾಗ್ನೋಸಿಸ್ ಬರೆದ ನನ್ನನ್ನು ಯಾವ ಡಾಕ್ಟರೂ "ನಿನಗೇನು ಅನಿಸುತ್ತದೆ?" ಅಂತ ಕೇಳಿರಲಿಲ್ಲ. ಕೇಳಿದ್ದರೆ ನಾಲಿಗೆ ಒಣಗುತ್ತಿತ್ತು.

ಹಾಗಂತ ಇಲ್ಲಿನದ್ದೆಲ್ಲ ಚಿನ್ನ ಅಂತ ನಾನು ಹೇಳುವುದಿಲ್ಲ. ವಿದೇಶಕ್ಕೆ ಹೋದವರು ಊರಿನದ್ದನ್ನೆಲ್ಲ ಹಳಿಯುವುದು ಕೇಳಿ ಕೇಳಿ ನನಗೂ ಸಾಕಾಗಿದೆ.

ಇಲ್ಲಿ ನ್ಯೂಸ್ 2 ಅಂತ ಒಂದು ಸ್ಕೋರ್ ಇದೆ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದದ್ದು. ಉಸಿರು, ಆಮ್ಲಜನಕ, ಬಿಪಿ, ಪಲ್ಸ್, ಎಚ್ಚರ, ಜ್ವರ ಅಳೆದು ಅಂಕ ಹಾಕುವುದು. ಉಸಿರು ನಿಮಿಷಕ್ಕೆ 12ರಿಂದ 20 ಇದ್ದರೆ ಸೊನ್ನೆ, 25 ದಾಟಿದರೂ ಮುಟ್ಟಿದರೂ 3. ಒಟ್ಟು 5 ಆದರೆ ತುರ್ತಾಗಿ ಡಾಕ್ಟರ್ ನೋಡಬೇಕು. ಒಳ್ಳೆಯ ಸಾಧನ, ಜೀವ ಉಳಿಸುತ್ತದೆ. ಆದರೆ ವಿದ್ಯಾರ್ಥಿಗಳು ಅಂಕಕ್ಕೇ ಅಂಟಿಕೊಳ್ಳುತ್ತಾರೆ.

ಒಂದು ಸಲ ಸೊಂಟದ ಆಪರೇಷನ್ ಆದ 84 ವರ್ಷದ ಮುದುಕರೊಬ್ಬರು ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡತೊಡಗಿದರು. ಹೊಸದಾಗಿ ಗೊಂದಲ ಶುರುವಾದರೆ ಅದೊಂದಕ್ಕೇ 3 ಅಂಕ. ನನ್ನ ಜೊತೆಗಿದ್ದ ವಿದ್ಯಾರ್ಥಿ ಅಂಕ ಹಾಕಿದ, ಡಾಕ್ಟರಿಗೆ ತಿಳಿಸಿದ, ಕೈ ತೊಳೆದುಕೊಂಡ. "ಯಾಕಿರಬಹುದು?" ಅಂದೆ. "ಅದಕ್ಕೇ ತಾನೇ ಡಾಕ್ಟರನ್ನು ಕರೆದದ್ದು?" ಅಂದ. ನನಗೆ ಬಂದರಿನ ಆ ಮನುಷ್ಯ ನೆನಪಾದರು. ವಯಸ್ಸಾದವರ ಗೊಂದಲಕ್ಕೆ ಇಲ್ಲಿ ಒಂದು ನೆನಪಿನ ಸರಪಳಿ ಹೇಳಿಕೊಡುತ್ತಾರೆ, 'ಪಿಂಚ್ ಮಿ' ಅಂತ. ನೋವು, ಸೋಂಕು, ಊಟ, ಮಲಬದ್ಧತೆ, ನೀರು, ಔಷಧಿ, ಸುತ್ತಲಿನ ವಾತಾವರಣ. ಒಂದೊಂದಾಗಿ ನೋಡೋಣ ಬಾ ಅಂತ ಕರೆದುಕೊಂಡು ಹೋದೆ. ನಾಲ್ಕನೆಯದಕ್ಕೆ ಬಂದಾಗ ಮಲ ಹೋದದ್ದನ್ನು ಗುರುತಿಸುವ ಚಾರ್ಟ್ ತೆಗೆದ. ಐದು ದಿನದಿಂದ ಖಾಲಿ. ನೋವಿಗೆ ಕೊಡುತ್ತಿದ್ದ ಕೊಡೀನ್ ಮಾತ್ರೆ ಹೊಟ್ಟೆ ಕಟ್ಟಿಸುತ್ತದೆ ಅಂತ ಅವನಿಗೆ ಗೊತ್ತಿತ್ತು. ಎರಡನ್ನೂ ಜೋಡಿಸಿರಲಿಲ್ಲ ಅಷ್ಟೇ. ಮೂರು ಸಾಲಿನಲ್ಲಿ ಬರೆಯುವ ಅಭ್ಯಾಸ ಇದ್ದಿದ್ದರೆ ನಡುವಿನ ಖಾಲಿ ಜಾಗ ಅವನ ಕಣ್ಣು ಚುಚ್ಚುತ್ತಿತ್ತು. ನಮ್ಮ ಮಂಗಳೂರಿನ ಹುಡುಗರು ಆ ಜಾಗವನ್ನು ಕಾಪಿ ಹೊಡೆದು ತುಂಬುತ್ತಾರೆ. ಇಲ್ಲಿಯವರಿಗೆ ಜಾಗವೇ ಇಲ್ಲ.

ಭಾಷೆಯ ಮಾತು ಹೇಳದಿದ್ದರೆ ಇದು ಪೂರ್ತಿ ಆಗುವುದಿಲ್ಲ. ಉಸಿರಿನ ತೊಂದರೆಗೆ ನಾಂಡಾದಲ್ಲಿ ಅಕ್ಕಪಕ್ಕದಂತೆ ಕಾಣುವ ಮೂರು ಹೆಸರಿವೆ. ಉಸಿರಿನ ದಾರಿ ಕಟ್ಟಿಕೊಂಡದ್ದು ಒಂದು, ಉಸಿರಾಡುವ ಕ್ರಮ ಕೆಟ್ಟದ್ದು ಇನ್ನೊಂದು, ಶ್ವಾಸಕೋಶದಲ್ಲಿ ಗಾಳಿ ರಕ್ತಕ್ಕೆ ಸೇರದೆ ಇರುವುದು ಮತ್ತೊಂದು. ನಾವು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ, ದಮ್ಮು ಅಂತ ಬಂದವರಿಗೆಲ್ಲ ಮೂರನ್ನೂ ಬರೆಯುತ್ತಿದ್ದೆವು. ಒಂದಾದರೂ ಸರಿ ಇರಲಿ ಅಂತ. ಆದರೆ ನಮ್ಮ ಅಜ್ಜಿಯರಿಗೆ ಈ ವ್ಯತ್ಯಾಸ ಗೊತ್ತು. ಕಫ ಕಟ್ಟಿದೆ, ಗೊರಗೊರ ಅನ್ನುತ್ತದೆ ಅನ್ನುತ್ತಾರೆ. ಮೇಲುಸಿರು ಬಿಡ್ತಾನೆ ಅನ್ನುತ್ತಾರೆ. ತುಟಿ ನೀಲಿಗಟ್ಟಿದೆ ಅನ್ನುತ್ತಾರೆ. ಮೂರು ಬೇರೆ ಬೇರೆ ಮಾತು, ಮೂರಕ್ಕೂ ಬೇರೆ ಬೇರೆ ಗಾಬರಿ. ತರಗತಿಯಲ್ಲಿ ಯಾರಾದರೂ ಆ ಮಾತಿನಿಂದ ಶುರು ಮಾಡಿದ್ದರೆ ಅರ್ಧ ಗಂಟೆಯ ಪಾಠ.

ವಾರ್ಡಿನಲ್ಲಿ ಇದು ಇನ್ನೂ ಕಷ್ಟ. ಮಂಗಳೂರಿನ ಒಂದೇ ಸಾಲಿನ ಹಾಸಿಗೆಗಳಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವವರು ಮಲಗಿರುತ್ತಾರೆ. ವೆನ್ಲಾಕ್ ಆಸ್ಪತ್ರೆಗಂತೂ ಕಾಸರಗೋಡಿನಿಂದಲೂ ಬರುತ್ತಾರೆ, ಘಟ್ಟದ ಮೇಲಿಂದಲೂ ಬರುತ್ತಾರೆ. ತುಳು ಅಜ್ಜಿ "ಬಚ್ಚುಂಡು" ಅನ್ನುತ್ತಾರೆ. ವಿದ್ಯಾರ್ಥಿನಿ ಇಂಗ್ಲಿಷಿನಲ್ಲಿ ಸುಸ್ತು ಅಂತ ಬರೆದು ಮುಂದೆ ಹೋಗುತ್ತಾಳೆ. ಕೂತಲ್ಲೇ ಸುಸ್ತಾ, ಬಾವಿಕಟ್ಟೆಯವರೆಗೆ ನಡೆದರೆ ಸುಸ್ತಾ? ಎರಡೂ ಬೇರೆ ಡಯಾಗ್ನೋಸಿಸ್. ಕೇಳಲಿಕ್ಕೆ ಮಾತು ಬರಬೇಕಲ್ಲ. ರೋಗಿ ಹೇಳಿದ್ದನ್ನು ಬರೆಯುವ ಕಾಲಂನಲ್ಲಾದರೂ ಅವರು ಹೇಳಿದ ಹಾಗೇ, ಕನ್ನಡ ಲಿಪಿಯಲ್ಲಿ, ಬರೆಯಲಿಕ್ಕೆ ಬಿಡಿ ಅಂತ ನನ್ನ ಆಸೆ. ಅನುವಾದ ಆಮೇಲೆ ಮಾಡಿಕೊಳ್ಳಬಹುದು.

ಇದರಲ್ಲಿ ನಾನೇನು ಸಾಚಾ ಅಲ್ಲ. ಇಂಗ್ಲೆಂಡಿನಲ್ಲಿ ಮೊದಲ ತಿಂಗಳು ಒಬ್ಬ ಅಜ್ಜಿ "ಸ್ಪೆಂಡ್ ಎ ಪೆನ್ನಿ" ಮಾಡಬೇಕು ಅಂದರು. ನಾನು ಅವರ ಪರ್ಸ್ ಹುಡುಕಿ ಕೈಗೆ ಕೊಟ್ಟೆ. ಅದು ಹಳೇ ಕಾಲದವರು ಬಚ್ಚಲಿಗೆ ಹೋಗಬೇಕು ಅನ್ನುವ ರೀತಿ ಅಂತ ತಿಳಿಯುವಷ್ಟರಲ್ಲಿ ಹಾಸಿಗೆ ಒದ್ದೆ. ಮತ್ತೆ ಮೂತ್ರದ ಪ್ರಶ್ನೆಯೇ!

ಈಗ ಊರಿನ ಕಾಲೇಜುಗಳಲ್ಲೂ ಸಿಮ್ಯುಲೇಶನ್ ಲ್ಯಾಬ್ ಬಂದಿವೆ, ಉಸಿರಾಡುವ ಗೊಂಬೆಗಳಿವೆ. ಇಂಗ್ಲೆಂಡಿನಲ್ಲಿ 600 ಗಂಟೆವರೆಗೆ ವಾರ್ಡಿನ ಲೆಕ್ಕಕ್ಕೆ ಅದನ್ನೇ ಹಿಡಿಯಬಹುದು. ಗೊಂಬೆಯ ಮೇಲೆ ತಪ್ಪು ಮಾಡಿದರೆ ಯಾರಿಗೂ ನೋವಿಲ್ಲ, ಅದು ದೊಡ್ಡ ಅನುಕೂಲ. ಆದರೆ ಗೊಂಬೆ ಲಾಕರಿನಲ್ಲಿ ಉಪ್ಪಿನಕಾಯಿ ಮುಚ್ಚಿಡುವುದಿಲ್ಲ. ನನ್ನನ್ನು ಕೇಳಿದರೆ ರೆಕಾರ್ಡ್ ಪುಸ್ತಕದ ದಪ್ಪ ಅರ್ಧಕ್ಕೆ ಇಳಿಸಿ. ಹತ್ತು ಕೇರ್ ಪ್ಲ್ಯಾನ್ ಬದಲು ಎರಡು ಸಾಕು. ಆ ಎರಡನ್ನು ರೋಗಿಯ ಎದುರಿಗೇ ನಿಲ್ಲಿಸಿ ಕೇಳಿ, "ಯಾಕೆ ಹೀಗೆ ಅಂದೆ? ಬೇರೆ ಕಾರಣ ಇರಬಹುದಾ?" ತಪ್ಪಾದರೆ ಮಾರ್ಕ್ಸ್ ಕಡಿಯಬೇಡಿ. ಕಡಿದರೆ ಮತ್ತೆ ಸೀನಿಯರ್ ಪುಸ್ತಕಕ್ಕೇ ಹೋಗುತ್ತಾರೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಎರಡನೇ ದಿನ ಅದೇ ಹುಡುಗಿ ಬಂದು ಮೊದಲು ಅಮ್ಮನ ನಾಲಿಗೆ ನೋಡಿದಳು. ಆಮೇಲೆ ಟೇಬಲ್ಲಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ನೋಡಿದಳು. ನಿನ್ನೆ ಸಂಜೆ ನಾನೇ ತಂದಿಟ್ಟದ್ದು, ಎರಡು ಗುಟುಕು ಕಡಿಮೆ ಆಗಿತ್ತು.

"ಅಮ್ಮಾ, ನೀರು ಯಾಕೆ ಕುಡಿಯುವುದಿಲ್ಲ? ಬಾಯಾರಿಕೆ ಇಲ್ವಾ?"

ಅಮ್ಮ ನನ್ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಕುಡಿದರೆ ಬಾತ್ರೂಮಿಗೆ ಹೋಗಬೇಕಲ್ಲ ಮಗಾ. ಅದು ಆ ಕೊನೆಯಲ್ಲಿ ಉಂಟು. ಅಲ್ಲಿವರೆಗೆ ಈ ಕಾಲು ಊರುವುದು ಹೇಗೆ? ಇವನನ್ನು ಕರೆಯಲಿಕ್ಕೆ ಆಗ್ತದಾ?"

ಎರಡು ದಿನ ಆ ಸ್ಟೂಲಿನ ಮೇಲೆ ಕೂತವನು ನಾನು. ಡ್ರಿಪ್ ಎಷ್ಟು ಹನಿ ಬೀಳುತ್ತಿದೆ ಅಂತ ಎಣಿಸಿದ್ದೆ, ಆ್ಯಂಟಿಬಯೋಟಿಕ್ ಸರಿ ಇದೆಯಾ ಅಂತ ಫೋನಿನಲ್ಲಿ ನೋಡಿದ್ದೆ. ಬಾಟಲಿ ನೋಡಿರಲಿಲ್ಲ.

ಹುಡುಗಿ ಫೈಲು ತೆರೆದಳು. ಮೈಯಲ್ಲಿ ನೀರು ಕಡಿಮೆಯಾಗುವ ಅಪಾಯ ಅಂತ ನಿನ್ನೆಯೇ ಬರೆದಿದ್ದಳು, ಕಾರಣ ಜ್ವರ ಅಂತ. ಅದನ್ನು ಒಂದು ಗೆರೆಯಲ್ಲಿ ಹೊಡೆದು ಮೇಲೆ ಸಣ್ಣಕ್ಷರದಲ್ಲಿ ಏನೋ ಬರೆದಳು. ಸ್ಟಾಫ್ ನರ್ಸ್ ಹತ್ತಿರ ಹೋಗಿ ಮಾತಾಡಿ, ಕೊನೆಯ ಕೋಣೆಯಿಂದ ಒಂದು ಕಮೋಡ್ ಕುರ್ಚಿ ತಳ್ಳಿಕೊಂಡು ಬಂದಳು. ಒಂದು ಚಕ್ರ ಕಿರುಗುಡುತ್ತಿತ್ತು. ಹಸಿರು ಪರದೆ ಎಳೆದು, ನನ್ನನ್ನು ನೋಡಿ, "ಅಣ್ಣ, ಸ್ವಲ್ಪ ಹೊರಗೆ ನಿಲ್ತೀರಾ?" ಅಂದಳು.

ವರಾಂಡದಲ್ಲಿ ನಿಂತೆ. ಹೊರಗೆ ಮಳೆ ಸುರಿಯುತ್ತಿತ್ತು. ಹತ್ತು ನಿಮಿಷ ಬಿಟ್ಟು ಪರದೆಯ ಒಳಗಿಂದ ಅಮ್ಮನ ದನಿ ಕೇಳಿತು, "ಆ ಬಾಟಲಿ ಇತ್ತ ಕೊಡು ಮಗಾ."